ಶಹಾ ಬೀಳುವ ಮುನ್ನ

ಆ ವರ್ಷ ಹುಬ್ಬಳ್ಳಿಯ ಮುದುಕರೆಲ್ಲ ಒಮ್ಮೆಲೇ ಚದುರಂಗ ಕಲಿಯತೊಡಗಿದರು. ಕಟ್ಟೆಯ ಮೇಲೆ ಎಲೆ-ಅಡಿಕೆ ಮೆಲ್ಲುತ್ತ ಕಂಡವರ ಮನೆಯ ಸುದ್ದಿ ಹೇಳುತ್ತಿದ್ದವರು ಈಗ ಕಣ್ಣು ಮುಚ್ಚಿಕೊಂಡು, "ಆನಿ ನೆಟ್ಟಗ, ಒಂಟಿ ಓರೀಗೆ, ಕುದುರಿ ಎರಡೂವರಿ ಮನಿ" ಎಂದು ಮಗ್ಗಿಯ ಹಾಗೆ ಬಾಯಿಪಾಠ ಮಾಡುತ್ತಿದ್ದರು. ಸಂತೆಯಲ್ಲಿ ಮೆಣಸಿನಕಾಯಿ ತೂಗುವಾಕೆಯ ತಕ್ಕಡಿಯ ಪಕ್ಕ ಚದುರಂಗದ ಹಾಸು. ದವಾಖಾನೆಯ ಸರದಿಯಲ್ಲಿ ಕೂತವರ ತೊಡೆಯ ಮೇಲೂ ಹಾಸು. ಆಟ ಯಾರಿಗೂ ಬೇಕಿರಲಿಲ್ಲ. ನಾಳೆ ಕೈಕಾಲು ಬಿದ್ದು, ನಾಲಿಗೆಯೂ ಬಿದ್ದು, ತಮ್ಮ ಮೈಯೊಳಗೇ ಬೀಗ ಹಾಕಿಸಿಕೊಂಡು ಕೂರುವ ಗತಿ ಬಂದರೆ "ನಾ ಇಲ್ಲೇ ಅದೀನಿ" ಎಂದು ಹೊರಗಿನವರಿಗೆ ತಿಳಿಸಲು ಒಂದು ದಾರಿ ಬೇಕಿತ್ತು.

ಆ ದಾರಿ ಚದುರಂಗವಾಗಿತ್ತು.

ಮಿದುಳನ್ನು ಓದುವ ಜಾಲಟೋಪಿ ಬಂದಾಗ, ಇನ್ನು ಮೇಲೆ ಮಾತು ಹೋದವರ ಮಾತೂ ಕೇಳಿಸುತ್ತದೆ ಎಂದೇ ಎಲ್ಲರೂ ನಂಬಿದ್ದರು. ಹಾಗಾಗಲಿಲ್ಲ. ಮಾತು ಮಿದುಳಿನ ತುಂಬ ಮಂಜಿನಂತೆ ಹರಡಿಕೊಂಡಿರುತ್ತದೆ, ಯಂತ್ರದ ಬೊಗಸೆಗೆ ಸಿಗುವುದಿಲ್ಲ. ಜಾಗದ ನೆನಪು ಹಾಗಲ್ಲ. ಮನಸ್ಸು ಒಂದು ಜಾಗವನ್ನು ನೆನೆದರೆ ಮಿದುಳಿನ ಒಂದು ಮೂಲೆಯಲ್ಲಿ ಕೆಲವು ಕೋಶಗಳು ಮಿನುಗುತ್ತವೆ, ಇನ್ನೊಂದು ಜಾಗಕ್ಕೆ ಬೇರೆ ಕೆಲವು. ಚದುರಂಗದ ಒಂದೊಂದೇ ಮನೆಯ ಹೆಸರನ್ನು ಮಲಗಿದವರ ಕಿವಿಯಲ್ಲಿ ಹೇಳಿ, ಯಾವ ಮನೆಗೆ ಯಾವ ಮಿನುಗು ಎಂದು ಗುರುತು ಹಾಕಿಕೊಂಡರೆ, ಆಮೇಲೆ ಅವರು "ಈ ಮನೆಯಿಂದ ಆ ಮನೆಗೆ" ಎಂದು ನೆನೆದದ್ದನ್ನು ಓದಬಹುದು. ಕೇಳಿದ ಮನೆಗೆ ಮಿನುಗುವುದು ಬರಿಯ ಪ್ರತಿಧ್ವನಿ, ಗಾಢ ನಿದ್ದೆಯ ಮಿದುಳೂ ಅದನ್ನು ಮಾಡೀತು. ತಾನಾಗಿ ಆರಿಸಿ ನಡೆಸಿದರೆ ಮಾತ್ರ ಒಳಗೆ ಯಾರೋ ಇದ್ದಾರೆಂದು ಅರ್ಥ. ಸರ್ಕಾರ ಅದನ್ನೇ ಕಾಯ್ದೆ ಮಾಡಿತು. ಮೂರು ಆಟದ ಅವಕಾಶ. ಒಂದರಲ್ಲಾದರೂ ಅರ್ಥವಿರುವ ನಡೆಗಳು ಎಡೆಬಿಡದೆ ಬಂದರೆ ಸರಿ, ಇಲ್ಲವಾದರೆ ಉಸಿರಿನ ನಳಿಗೆ ತೆಗೆಯುತ್ತಾರೆ. ಆಟವೇ ಬಾರದವರ ಗತಿ ಏನು ಎಂದು ಕೇಳಿದವರಿಗೆ, ಕಲಿಯಲು ಬೇಡವೆಂದವರು ಯಾರು ಎಂಬ ಉತ್ತರ ಸಿಕ್ಕಿತ್ತು. ಜನ ಇದನ್ನು "ಅದೀನಿ ಪರೀಕ್ಷಾ" ಎನ್ನುತ್ತಿದ್ದರು.

ನೀಲಾಂಬಿಕಾ ಆ ಪರೀಕ್ಷೆ ನಡೆಯುವ ಕೇಂದ್ರದಲ್ಲಿ ಕೆಲಸಕ್ಕಿದ್ದಳು. ಟೋಪಿ ತೊಡಿಸಿ ಮಿನುಗು ಓದುವುದು ಅವಳ ಕೆಲಸ. ಮಿದುಳಿನಿಂದ ಬರುವುದರಲ್ಲಿ ಕಾಳಿಗಿಂತ ಹೊಟ್ಟೇ ಹೆಚ್ಚು. ಹಾಗಾಗಿ ಚದುರಂಗದ ನಿಯಮಕ್ಕೆ ಒಪ್ಪದ ಓದು ಬಂದರೆ ಅದನ್ನು 'ಗದ್ದಲ' ಎಂದು ಬದಿಗೆ ತಳ್ಳಿ, ನಿಯಮಕ್ಕೆ ಒಪ್ಪುವ ಮುಂದಿನ ಮಿನುಗನ್ನು ಹಿಡಿಯುವ ಜರಡಿಯೊಂದನ್ನು ಯಂತ್ರದೊಳಗೆ ಕೂರಿಸಿದ್ದರು. ಅದನ್ನು ಬರೆದವಳು ನೀಲಾಳೇ. ಗಾಜಿನ ಗೋಡೆಯಾಚೆ ಮನೆಯವರಿಗೆಂದು ಇಟ್ಟ ಕುರ್ಚಿಗಳತ್ತ ಅವಳು ಆದಷ್ಟು ಕಣ್ಣು ಹಾಯಿಸುತ್ತಿರಲಿಲ್ಲ.

ಈಗ ಅಂಥದೊಂದು ಕುರ್ಚಿಯಲ್ಲಿ ಅವಳೇ ಕೂತಿದ್ದಳು. ಗಾಜಿನಾಚೆ ಮಲಗಿದ್ದವಳು ಅವಳ ಅವ್ವ, ಪಾರವ್ವ.

ಪಾರವ್ವನಿಗೆ ಆಟ ಬರುತ್ತದೆಯೇ ಎಂದು ಯಾರೂ ಕೇಳುವ ಹಾಗಿರಲಿಲ್ಲ. ರೈಲು ಕಾರ್ಖಾನೆಯ ಗೇಟಿನೆದುರು ಅವಳ ಚಾದಂಗಡಿ. ಊಟದ ಬಿಡುವಿನಲ್ಲಿ ಕೆಲಸಗಾರರು ತಗಡಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ನಟ್ಟು ಬೋಲ್ಟುಗಳನ್ನೇ ಕಾಯಿ ಮಾಡಿಕೊಂಡು ಆಡುತ್ತಿದ್ದರು. ಚಾ ಸೋಸುತ್ತ ಸೋಸುತ್ತ ನೋಡಿ ಕಲಿತ ಪಾರವ್ವ, ಆಮೇಲೆ ಅದೇ ಕೆಲಸಗಾರರನ್ನು ಒಬ್ಬೊಬ್ಬರನ್ನಾಗಿ ಸೋಲಿಸಿ, ಕಾರ್ಖಾನೆಯ ಸೈರನ್ ಕೂಗುತ್ತಲೇ "ಹೋಗ್ರಿ, ಭೋಂಗಾ ಹೊಡೀತು, ಅಲ್ಲಾದರೂ ಏನರ ಕಿಸೀರಿ" ಎಂದು ಒಳಗೆ ಕಳಿಸುತ್ತಿದ್ದಳು. ಮಗಳನ್ನು ಮಲಗಿಸಲು ಒಂದೊಂದು ಕಾಯಿಗೂ ಒಂದೊಂದು ಕಥೆ ಕಟ್ಟಿದ್ದಳು. ಒಂಟೆ ಓರೆಯಾಗಿ ನಡೆಯುವುದು ಮರಳುಗಾಳಿ ಮುಖಕ್ಕೆ ಹೊಡೆಯುವುದರಿಂದ. ಕಾಲಾಳು ಹಿಂದಕ್ಕೆ ಬಾರದಿರುವುದು ಮನೆಯ ಬಾಗಿಲಲ್ಲಿ ಹೆಂಡತಿ ಪೊರಕೆ ಹಿಡಿದು ನಿಂತಿರುವುದರಿಂದ. ರಾಜನ ಕಥೆಯೂ ಒಂದಿತ್ತು. ಅದನ್ನು ನೀಲಾ ಮರೆತಿದ್ದಳು.

ಊರೆಲ್ಲ ಪರೀಕ್ಷೆಗೆ ಕಲಿಯುವಾಗ ಪಾರವ್ವ ನಗುತ್ತಿದ್ದಳು. "ಸಾಯಬಾರದಂತ ಆಡೋದು ಎಂಥಾ ಆಟನವಾ? ಚಾ ಕುಡಿಯೋದು ಚಾದ ಸಲುವಾಗಿ, ಆಡೋದು ಆಟದ ಸಲುವಾಗಿ." ಹೀಗೆಂದ ಕೆಲವೇ ದಿನಗಳಲ್ಲಿ ಚಾ ಸೋಸುತ್ತಿದ್ದವಳು ಜರಡಿ ಹಿಡಿದುಕೊಂಡೇ ಕುಸಿದಿದ್ದಳು. ಅಂದಿನಿಂದ ರೆಪ್ಪೆಯೂ ಅಲುಗಿರಲಿಲ್ಲ.

ಮೊದಲ ಆಟ ಕೆಟ್ಟಿತ್ತು. ಇದು ಎರಡನೆಯದು.

ಗೋಡೆಯ ಮೇಲಿನ ದೊಡ್ಡ ಹಲಗೆಯಲ್ಲಿ ಮನೆಗೊಂದು ದೀಪ. ಯಂತ್ರ ತನ್ನ ನಡೆಯನ್ನು ಪಾರವ್ವನ ಕಿವಿಗೆ ಹೇಳಿ, "ನಿಮ್ಮ ಸರದಿ" ಎನ್ನುತ್ತಿತ್ತು. ಕಾಲಾಳಿನ ಮನೆ ಬೆಳಗಿತು, ಅದರ ಮುಂದಿನದು ಬೆಳಗಿತು. ಕುದುರೆ ಹೊರಬಂತು. ಒಂಟೆಗೆ ದಾರಿಯಾಯಿತು. ನೀಲಾ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನೋಡುತ್ತಿದ್ದಳು. ಅವ್ವನ ಆಟವೇ ಇದು, ಅವಸರವಿಲ್ಲದ, ಅಡುಗೆಮನೆ ಅಣಿಗೊಳಿಸುವಂಥ ಆಟ.

ಆಮೇಲೆ ರಾಜನ ಮನೆ ಬೆಳಗಿತು. ಅದರ ಬೆನ್ನಿಗೇ ಇನ್ನೊಂದು ಮನೆ, ರಾಜ ಕಾಲಿಡಲಾಗದಷ್ಟು ದೂರದಲ್ಲಿ. ಹಲಗೆಯ ಕೆಳಗೆ ಕೆಂಪು ಅಕ್ಷರ ಮೂಡಿತು: ಗದ್ದಲ. ಯಂತ್ರ ಅದನ್ನು ಬಿಟ್ಟು, ಎಲ್ಲೋ ಮೂಲೆಯ ಮಂಕು ಮಿನುಗೊಂದನ್ನು ಹಿಡಿದು ಪಾರವ್ವನ ಕಿವಿಗೆ ಹೇಳಿತು: "ನಿಮ್ಮ ನಡೆ, ಆನೆ ಒಂದು ಮನೆ ಬಲಕ್ಕೆ."

ಅಷ್ಟೇ. ದೀಪಗಳೆಲ್ಲ ಒಟ್ಟಿಗೆ ಹತ್ತಿ ಆರತೊಡಗಿದವು, ಗಾಳಿಗೆ ಸಿಕ್ಕ ದೀಪಾವಳಿಯ ಹಣತೆಗಳಂತೆ. ಮತ್ತೆ ಒಂದು ನಡೆಯೂ ನೆಟ್ಟಗೆ ಬರಲಿಲ್ಲ.

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಗಲಗಲಿ ಹೊರಗೆ ಬಂದು ಪಕ್ಕದ ಕುರ್ಚಿಯಲ್ಲಿ ಕೂತರು. "ಹೋದ ಸಲನೂ ಇಲ್ಲೇ ಕೆಟ್ಟಿತ್ತು, ನೀಲಾ. ಮೊದಲಿನ ನಡಿ ರೂಢಿಬಲದಿಂದ ಬರ್ತಾವ. ಆರಿಸೋ ಹೊತ್ತು ಬಂದಾಗ ಒಳಗ ಯಾರೂ ಇರೂದಿಲ್ಲ. ನೀವೇ ಎಷ್ಟು ಮಂದೀಗೆ ಇದನ್ನ ತಿಳಿಸಿ ಹೇಳೀರಿ."

ಹೇಳಿದ್ದಳು. ಇದೇ ಮಾತು, ಇದೇ ಮೆತ್ತನೆಯ ದನಿ.

"ಮೂರನೇದು?"

"ನಾಳೆ ಮುಂಜಾನೆ. ಮನಸ್ಸು ಗಟ್ಟಿ ಮಾಡ್ಕೋರಿ."

ಸಂಜೆ ಮನೆಗೆ ಬಂದಾಗ ಪಕ್ಕದ ಮನೆಯ ಕಾಶಕ್ಕ ರೊಟ್ಟಿ ಬಡಿದಿಟ್ಟು ಕಾಯುತ್ತಿದ್ದಳು. ಕಾಶಕ್ಕನಿಗೆ ಬಿ.ಪಿ. ಇತ್ತು, ಅದಕ್ಕಿಂತ ಹೆಚ್ಚಾಗಿ ಪರೀಕ್ಷೆಯ ಭಯವಿತ್ತು. ಗುಳಿಗೆ ನುಂಗುವುದನ್ನು ಮರೆತರೂ ಚದುರಂಗದ ಪಾಠ ಮರೆಯುತ್ತಿರಲಿಲ್ಲ.

"ಎರಡು ತುತ್ತು ತಿನ್ನು. ಆಮ್ಯಾಲೆ ನನ್ನ ಜೋಡಿ ಒಂದು ಆಟ ಆಡು."

"ಕಾಶಕ್ಕಾ, ಇವತ್ತು ಬ್ಯಾಡ."

"ಇವತ್ತೇ ಬೇಕು. ಸುಮ್ಮನ ಗ್ವಾಡಿ ನೋಡಕೋತ ಕೂತರ ಹುಚ್ಚಿ ಆಗ್ತಿ. ನನಗ ಈ ಕುದುರಿ ಹೊಂಟಿದ್ದ ತಿಳೀವಲ್ದು. ಎರಡೂವರಿ ಮನಿ ಅಂತಾರ, ಉಳಿದ ಅರ್ಧಾ ಮನಿ ಎಲ್ಲಿ ಹೋತು?"

ಪಾರವ್ವನ ತಗಡು, ಬೋಲ್ಟುಗಳ ಡಬ್ಬಿ ಗೋಡೆಯ ಮಾಡಿನಲ್ಲಿ ಹಾಗೇ ಇದ್ದವು. ಕಾಶಕ್ಕ ತಾನೇ ತಂದು ಹರವಿದಳು. ವಾಷರು ತೊಟ್ಟ ಉದ್ದನೆಯ ಬೋಲ್ಟು ರಾಜ. ಅಷ್ಟೇ ಉದ್ದದ, ಎರಡು ನಟ್ಟು ತೊಟ್ಟದ್ದು ಕುದುರೆ. ನೀಲಾ ಮನಸ್ಸಿಲ್ಲದೆ ಕಾಯಿ ಸರಿಸಿದಳು. ಕಾಶಕ್ಕ ತುಟಿ ಅಲುಗಿಸುತ್ತ, ಬೆರಳಲ್ಲಿ ಮನೆ ಎಣಿಸುತ್ತ, ಒಂದು ಬೋಲ್ಟನ್ನು ಎತ್ತಿ ಕಾಲಾಳುಗಳ ತಲೆಯ ಮೇಲಿಂದ ಹಾರಿಸಿ ಟಣ್ಣನೆ ಇಟ್ಟಳು.

"ಕಾಶಕ್ಕಾ, ಅದು ರಾಜ. ಕುದುರಿ ಅಲ್ಲ."

"ಅಯ್ಯ ನನ್ನ ಹಣೇಬಾರವ! ಎಲ್ಲಾ ಬೋಲ್ಟೂ ಒಂದ ನಮೂನಿ ಅದಾವು. ನಾ ಏನು ಪಾಸಾಗಂಗಿಲ್ಲ ಬಿಡು, ನನ್ನ ನಳಿಗಿ ಕಿತ್ತ ಒಗೀತಾರ." ಕಾಶಕ್ಕ ಬೋಲ್ಟು ಹಿಂದೆಗೆಯಲು ಕೈ ಚಾಚಿದಳು.

"ತಗೀಬ್ಯಾಡ!" ನೀಲಾ ಅವಳ ಮಣಿಕಟ್ಟು ಹಿಡಿದಳು. "ಅಲ್ಲೇ ಇರಲಿ."

ರಾಜ ನಿಂತಿದ್ದ ಮನೆ, ಈಗ ಬಂದು ಕೂತ ಮನೆ. ಹಲಗೆಯ ಮೇಲೆ ಬೆಳಗಿದ್ದು ಇವೇ ಎರಡು. ಎರಡರ ನಡುವಿನ ಅಂತರ ಕುದುರೆಯ ನಡೆ. ಅದರೊಡನೆ, ಎಷ್ಟೋ ವರ್ಷ ತಳದಲ್ಲಿ ಬಿದ್ದಿದ್ದ ಕಥೆ ಬಿಸಿ ಚಾದ ವಾಸನೆಯ ಸಮೇತ ಮೇಲೆದ್ದು ಬಂತು.

ರಾಜನಿಗೆ ಕಿರೀಟದ ಭಾರ ಬಹಳ, ಒಂದು ಸಲಕ್ಕೆ ಒಂದೇ ಹೆಜ್ಜೆ. ಹೀಗಿರಲು ಒಂದು ದಿನ, ದೂರದೂರಿನಲ್ಲಿ ಅವನ ಅವ್ವ ಹಾಸಿಗೆ ಹಿಡಿದಿದ್ದಾಳೆಂದು ಸುದ್ದಿ ಬಂತು. ರಾಜ ಕುದುರೆಯ ಲಾಯಕ್ಕೆ ಹೋಗಿ, ನಿನ್ನ ಕಾಲು ಕಡ ಕೊಡು ಎಂದು ಬೇಡಿದ. ಕುದುರೆ ಹೇಳಿತು: ಕೊಡುತ್ತೇನೆ, ಬಾಳಿನಲ್ಲಿ ಒಂದೇ ಒಂದು ಸಲ. ಅದೂ ವೈರಿ ನಿನ್ನ ಮೇಲೆ ಎರಗಿ 'ಶಹಾ' ಎಂದು ಕೂಗುವ ಮುಂಚೆ. ಕೂಗು ಬಿದ್ದ ಮೇಲೆ ಹಾರಿದರೆ ಅದು ಅವ್ವನ ಭೇಟಿಯಲ್ಲ, ರಣದಿಂದ ಓಟ. ರಾಜ ಒಪ್ಪಿದ. ಹಾರಿ ಹೋಗಿ ಅವ್ವನ ಮುಖ ನೋಡಿದ. ಮತ್ತೆಂದೂ ಹಾರಲಿಲ್ಲ.

ಅದು ಬರಿಯ ಕಥೆಯಲ್ಲ, ಕಾರ್ಖಾನೆಯ ಗೇಟಿನಲ್ಲಿ ಎಲ್ಲರೂ ಆಡುತ್ತಿದ್ದ ಹಳೆಯ ಆಟದ ನಿಯಮ. ನೀಲಾ ಶಾಲೆಯ ಪಂದ್ಯಕ್ಕೆ ಹೋಗಿ ಬೇರೆ ನಿಯಮ ಕಲಿತು ಬಂದು, "ಅವ್ವಾ, ಹಂಗ ರಾಜ ಹಾರಂಗಿಲ್ಲ, ತಪ್ಪು" ಎಂದಿದ್ದಳು. ಪಾರವ್ವ ತಗಡಿನಿಂದ ತಲೆಯೆತ್ತಿ, "ಹಂಗಾದ್ರ ನಿಮ್ಮ ಸಾಲಿ ರಾಜಗ ಅವ್ವ ಇಲ್ಲೇನು?" ಎಂದು ಕೇಳಿದ್ದಳು. ಅಂದಿನಿಂದ ಮಗಳ ಎದುರು ಆಡುವಾಗ ಅವಳ ರಾಜ ಹಾರಿರಲಿಲ್ಲ. ಮಗಳ ಮುಂದೆ ಮಗಳ ನಿಯಮ, ಗೇಟಿನಲ್ಲಿ ಗೇಟಿನ ನಿಯಮ.

ಹಾಗಿದ್ದರೆ ಅವ್ವ ರಾಜನನ್ನು ಹಾರಿಸಿದ್ದಳು. ಯಾವುದೋ ದನಿ ಅವಳ ಹೆಸರಿನಲ್ಲಿ ಆನೆಯನ್ನು ಸರಿಸಿ, "ನಿಮ್ಮ ನಡೆ" ಎಂದಿತ್ತು. ಆಮೇಲೆ ದೀಪಗಳು ಹುಚ್ಚೆದ್ದು ಕುಣಿದದ್ದು ಗದ್ದಲವಲ್ಲ. ಅವ್ವ ಒಳಗೆ ಕೂಗಾಡುತ್ತಿದ್ದಳು.

ಆ ಕೂಗನ್ನು ಸೋಸಿ ಚೆಲ್ಲಿದ ಜರಡಿ ನೀಲಾಳದು. ಇನ್ನೂ ಯಾರು ಯಾರು ಹಾಗೆ ಕೂಗಿದ್ದರೋ ಎಂಬ ಯೋಚನೆ ಬಂದು, ಅವಳು ತಗಡಿನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು.

ಮುಂಜಾನೆ ಗಲಗಲಿ ಎಲ್ಲವನ್ನೂ ಕೇಳಿಸಿಕೊಂಡು ಕನ್ನಡಕ ತೆಗೆದಿಟ್ಟರು.

"ಇವತ್ತ ನೀವು ರಾಜ ಹಾರ್ತಾನ ಅಂತೀರಿ. ನಾಳೆ ಮತ್ತೊಬ್ಬಾಂವ ಬಂದು, ನಮ್ಮೂರಾಗ ಆನಿ ಈಜ್ತದ ಅಂತಾನ. ಎಲ್ಲಾ ಗದ್ದಲಕ್ಕೂ ಒಂದೊಂದು ಕಥಿ ಹೊಂದಿಸಿಕೋತ ಹೋದ್ರ ಪರೀಕ್ಷಾ ಎಲ್ಲಿ ಉಳೀತು?"

"ಗದ್ದಲಕ್ಕ ನಿಯತ್ತು ಇರಂಗಿಲ್ಲ ಸರ್, ಅವ್ವಗ ಐತಿ. ಜರಡಿ ಅದೊಂದು ಕಡೆ ಸಡಲ ಮಾಡ್ರಿ. ಆಕಿ ಒಮ್ಮೆ ಹಾರಲಿ, ಯಂತ್ರ ಒಪ್ಪಿಕೊಳ್ಳಲಿ. ಆಮ್ಯಾಲೆ ಆಕಿ ರಾಜನ್ನ ಎಲ್ಲಾ ಕಡೆಯಿಂದ ಕಟ್ಟಿಹಾಕಿ, ಹಾರಿದ್ರ ಸುಲಭಾಗಿ ಉಳೀತಾನ ಅನ್ನೂ ಹಂಗ ಮಾಡ್ರಿ. ಗದ್ದಲ ಆಗಿದ್ರ ಮತ್ತ ಹಾರ್ತೈತಿ. ಅವ್ವ ಆಗಿದ್ರ ಹಾರಂಗಿಲ್ಲ."

"ಹಾರಿದ್ರ?"

"ಹಾರಿದ್ರ ನಳಿಗಿ ತಗಿಯೋ ಕಾಗದಕ್ಕ ನಾನೇ ಸಹಿ ಮಾಡ್ತೀನಿ."

ಗಲಗಲಿ ಕನ್ನಡಕ ಮತ್ತೆ ಹಾಕಿಕೊಂಡರು. "ಆಮೇಲೆ ನನ್ನ ಮುಂದ ಅಳಬಾರದು ಮತ್ತ," ಎಂದು ಎದ್ದರು.

ಮೂರನೆಯ ಆಟ ಶುರುವಾಯಿತು. ಕಾಲಾಳು, ಕುದುರೆ, ಒಂಟೆ. ರಾಜ ಹಾರುವ ಹೊತ್ತು ಬಂತು. ಹಾರಲಿಲ್ಲ. ಕಾಲಾಳೊಂದು ಮುಂದೆ ಸರಿಯಿತು. ಮತ್ತೊಂದು ನಡೆ, ಮತ್ತೊಂದು. ದೀಪಗಳು ಒಂದಕ್ಕಿಂತ ಒಂದು ಮಂಕಾಗುತ್ತಿದ್ದವು. 'ಮಿನುಗು ಕುಗ್ಗುತ್ತಿದೆ' ಎಂದು ಹಲಗೆ ತೋರಿಸಿತು. ಗಲಗಲಿ ಗಾಜಿನಾಚೆಯಿಂದ ನೀಲಾಳತ್ತ ನೋಡಿ ಇಲ್ಲವೆಂಬಂತೆ ತಲೆಯಾಡಿಸಿದರು.

ನೀಲಾಳಿಗೆ ಅರ್ಥವಾಯಿತು. ಎರಡು ಸಲ ಹಾರಿದಾಗಲೂ ನಡೆಯನ್ನೇ ಕಸಿದುಕೊಂಡವರ ಮುಂದೆ ಅವ್ವ ಮೂರನೆಯ ಸಲ ಬಾಯಿ ತೆರೆಯಲೊಲ್ಲಳು. ಈ ಊರಿನಲ್ಲಿ ನನ್ನ ಆಟ ನಡೆಯದು ಎಂದು ಒಳಗೇ ಅಂಗಡಿ ಮುಚ್ಚುತ್ತಿದ್ದಾಳೆ. ಈಗ ಜರಡಿ ಸಡಿಲವಾಗಿದೆ, ಹಾರು ಎಂದು ಹೇಳುವುದು ಹೇಗೆ? ಮನೆಯವರ ದನಿ ಕಿವಿಗೆ ಬಿದ್ದರೆ ಆಟ ರದ್ದು.

ಅವಳು ಬಾಗಿಲು ದೂಡಿ ಒಳಗೆ ಹೋದಳು. ಗಲಗಲಿ ಗಾಬರಿಯಾಗಿ ಎದ್ದರು. ನೀಲಾ ಬಾಯಿಗೆ ಬೆರಳಿಟ್ಟುಕೊಂಡು, ಎದುರಾಳಿ ಯಂತ್ರದ ಗುಂಡಿಯನ್ನು ತೋರಿಸಿ, ಆಮೇಲೆ ತನ್ನ ಎದೆಯನ್ನು ತೋರಿಸಿದಳು. ಅವರು ಅವಳನ್ನು ಹೊರಗೆ ಎಳೆದುಕೊಂಡು ಬಂದು ಪಿಸುಗುಟ್ಟಿದರು. "ತಲಿ ಕೆಟ್ಟದೇನು?"

"ಎದುರಾಳಿ ಯಂತ್ರನ ಆಗಬೇಕಂತ ಕಾಯ್ದೇದಾಗ ಇಲ್ಲ. ದನಿ ಕೇಳಬಾರದು ಅಂತಷ್ಟ ಐತಿ. ನಾ ಮಾತಾಡಂಗಿಲ್ಲ. ಕಾಯಿ ಅಷ್ಟ ಸರಸ್ತೀನಿ. ಸರ್, ಆಕಿ ಹೊಂಟಾಳ. ನೋಡ್ರಿ ಆ ದೀಪ."

ಗಲಗಲಿ ನೋಡಿದರು. ಒಂದೇ ಒಂದು ಮನೆ, ಬೂದಿ ಮುಚ್ಚಿದ ಕೆಂಡದಷ್ಟು. ಅವರು ಬಾಗಿಲು ತೆರೆದು ಅವಳನ್ನು ಒಳಗೆ ಕರೆದೊಯ್ದು, ಯಂತ್ರದ ಮುಂದಿನ ಕುರ್ಚಿ ಬಿಟ್ಟುಕೊಟ್ಟರು.

ನೀಲಾ ಕೂತಳು. ತನ್ನ ಬದುಕಿನಲ್ಲಿ ಎಂದೂ ಆಡದ ನಡೆಯನ್ನು ಅವಳು ಆಡಿದಳು. ತನ್ನ ರಾಜನನ್ನು ಎತ್ತಿ ಕುದುರೆಯ ಹಾಗೆ ಹಾರಿಸಿದಳು.

"ಎದುರಿನ ರಾಜ," ಎಂದು ಯಂತ್ರದ ದನಿ ಪಾರವ್ವನ ಕಿವಿಯಲ್ಲಿ ಹೇಳಿತು, "ಕುದುರೆಯ ನಡೆ. ನಿಮ್ಮ ಸರದಿ."

ಏನೂ ಆಗಲಿಲ್ಲ. ಉಸಿರಿನ ಯಂತ್ರ ಏರಿತು, ಇಳಿಯಿತು. ಕೆಂಡದಂತಿದ್ದ ದೀಪವೂ ಆರಿತು. 'ಕಾಯಲಾಗುತ್ತಿದೆ' ಎಂದು ಹಲಗೆ ತೋರಿಸಿತು. ಗಲಗಲಿಯವರ ಬೂಟು ನೆಲದ ಮೇಲೆ ಸಣ್ಣಗೆ ಸದ್ದು ಮಾಡಿತು.

ಥಟ್ಟನೆ ರಾಜನ ಮನೆ ಹತ್ತಿತು. ಅಷ್ಟು ಬೆಳಕನ್ನು ಆ ಹಲಗೆಯ ಮೇಲೆ ನೀಲಾ ಯಾವತ್ತೂ ನೋಡಿರಲಿಲ್ಲ. ಅದರ ಹಿಂದೆಯೇ, ಕುದುರೆಯ ಕಾಲಿನಷ್ಟು ದೂರದಲ್ಲಿ, ಇನ್ನೊಂದು. ಅದು ಎದುರಿನ ರಾಜ ಹಾರಿದ ಮನೆಯಲ್ಲ, ಪ್ರತಿಧ್ವನಿಯಲ್ಲ. ತನ್ನದೇ ಬದಿಯ, ತಾನೇ ಆರಿಸಿದ ಮನೆ.

"ನಿಮ್ಮ ನಡೆ, ರಾಜ. ಕುದುರೆಯ ನಡೆ."

ಆಮೇಲೆ ನಡೆಗಳು ಒಂದರ ಬೆನ್ನಿಗೊಂದು ಬಂದವು, ಊಟದ ಬಿಡುವು ಮುಗಿಯುವ ಮುಂಚೆ ಆಟ ಮುಗಿಸಬೇಕೆಂಬ ಹಾಗೆ. ಆದರೆ ನೀಲಾಳಿಗೆ ಹಿಗ್ಗಲು ಹೊತ್ತಿರಲಿಲ್ಲ. ಕಷ್ಟದ ಕೆಲಸ ಈಗ ಅವಳದು. ಅವ್ವನ ರಾಜನನ್ನು ಅವಳೇ ಸುತ್ತುಗಟ್ಟಬೇಕು, ಕರುಣೆಯಿಲ್ಲದೆ. ಅರೆಮನಸ್ಸಿನಿಂದ ಆಡಿದರೆ ಪರೀಕ್ಷೆಯೂ ಅರೆಯಾಗುತ್ತದೆ. ಅವಳು ಒಂಟೆಯನ್ನು ಓರೆಗೆ ಹೂಡಿದಳು. ಕುದುರೆಯನ್ನು ನುಗ್ಗಿಸಿದಳು. ಅವ್ವನ ರಾಜನ ಎರಡೂ ಬದಿ ಮುಚ್ಚಿದವು. ಕೊನೆಗೆ ಆನೆಯನ್ನು ನೆಟ್ಟಗಿನ ಸಾಲಿಗೆ ತಂದು ನಿಲ್ಲಿಸಿದಳು.

"ಎದುರಿನ ಆನೆ," ಎಂದಿತು ದನಿ. "ನಿಮ್ಮ ರಾಜನಿಗೆ ಶಹಾ. ನಿಮ್ಮ ಸರದಿ."

ಸುಲಭವಾದ ದಾರಿ ಒಂದಿತ್ತು. ಕುದುರೆಯ ನಡೆಯಷ್ಟು ದೂರದ ಮೂಲೆಯಲ್ಲಿ, ಕಾಲಾಳುಗಳ ಮರೆಯಲ್ಲಿ, ಒಂದು ಮನೆ ಖಾಲಿ ಬಿದ್ದಿತ್ತು. ಜರಡಿ ಸಡಿಲವಾಗಿಯೇ ಇತ್ತು. ಹಾರಿದರೆ ಯಂತ್ರ ಬೇಡವೆನ್ನುತ್ತಿರಲಿಲ್ಲ.

ರಾಜನ ಮನೆ ಬೆಳಗಿತು.

ಮೂಲೆಯ ಆ ಮನೆಯೂ ಸಣ್ಣಗೆ ಬೆಳಗಿತು.

ಗಲಗಲಿ ಮುಂದಕ್ಕೆ ಬಾಗಿದರು. ನೀಲಾ ಕುರ್ಚಿಯ ಹಿಡಿಕೆಯನ್ನು ಅಮುಕಿದಳು. ಬೇಡ ಅವ್ವಾ. ಕುದುರೆಗೆ ಮಾತು ಕೊಟ್ಟಿದ್ದೀಯಲ್ಲ. ನೀನೇ ಹೇಳಿದ ಕಥೆಯಲ್ಲವೇ. ಬಾಯಿ ತೆರೆಯುವಂತಿಲ್ಲ, ಕೆಮ್ಮುವಂತಿಲ್ಲ. ಮೂಲೆಯ ದೀಪ ಇನ್ನೂ ಒಂದು ಎಳೆ ಏರಿತು, ಅಲ್ಲೇ ನಿಂತಿತು. ನೋಡುತ್ತಿದ್ದಾಳೆ. ಅವ್ವ ಆ ಮನೆಯ ಹೊಸ್ತಿಲಲ್ಲಿ ನಿಂತು ಒಳಗಿಣುಕಿ ನೋಡುತ್ತಿದ್ದಾಳೆ.

ದೀಪ ಆರಿತು.

ರಾಜನ ಮನೆಯೂ ಆರಿತು. ಹಲಗೆ ಒಂದು ಕ್ಷಣ ಪೂರ್ತಿ ಕತ್ತಲೆ. ಆಮೇಲೆ ಎಲ್ಲೋ ನಡುವಿನಲ್ಲಿ ಮಂತ್ರಿಯ ಮನೆ ಹತ್ತಿತು, ಅದರ ಹಿಂದೆ ರಾಜನ ಎದುರಿನ ಮನೆ.

"ನಿಮ್ಮ ನಡೆ, ಮಂತ್ರಿ. ರಾಜನಿಗೆ ಅಡ್ಡವಾಗಿ."

ಗಲಗಲಿ ಎದ್ದು ನಿಂತರು. "ಇದ್ದಾರ," ಎಂದರು. ಮತ್ತೆ ಇನ್ನೊಮ್ಮೆ, ತಮಗೇ ಎಂಬಂತೆ, "ಇದ್ದಾರ." ಅವರ ಕಣ್ಣು ಗೋಡೆಯ ಬದಿಯ ಕಪಾಟಿನತ್ತ ಹೋಯಿತು. ಅಲ್ಲಿ ಹಳೆಯ ಆಟಗಳ ದಾಖಲೆಗಳಿದ್ದವು. "ನೀಲಾ, ಅವನ್ನೆಲ್ಲಾ ಮತ್ತ ತಗದು ನೋಡಬೇಕಾಗ್ತದ. ಒಂದೂ ಬಿಡದ."

ನೀಲಾ ತಲೆಯಾಡಿಸಿದಳು. ಮಾತಾಡುವಂತಿರಲಿಲ್ಲ.

ಯಂತ್ರದ ದನಿ ಇನ್ನೂ ಮುಗಿಸಿರಲಿಲ್ಲ. ಅದು ಈ ಸಲ ಅವಳ ಕಡೆಯ ಸ್ಪೀಕರಿನಲ್ಲಿ ಹೇಳಿತು: "ಶಹಾ."

ನೀಲಾ ಬೆಚ್ಚಿ ಹಲಗೆ ನೋಡಿದಳು. ಅವ್ವನ ರಾಜನಿಗೆ ಅಡ್ಡ ಬಂದು ನಿಂತ ಮಂತ್ರಿ, ನಿಂತಲ್ಲಿಂದಲೇ ಓರೆಯಾಗಿ ನೀಲಾಳ ರಾಜನ ಎದೆಗೆ ಗುರಿಯಿಟ್ಟಿತ್ತು. ಸುತ್ತುಗಟ್ಟುವ ಭರದಲ್ಲಿ ಆ ಸಾಲನ್ನು ಅವಳು ತೆರೆದಿಟ್ಟದ್ದನ್ನು ಗಮನಿಸಿಯೇ ಇರಲಿಲ್ಲ. ಹೋಗ್ರಿ, ಭೋಂಗಾ ಹೊಡೀತು ಎಂದು ಯಾರೋ ಗೇಟಿನಲ್ಲಿ ನಿಂತು ನಕ್ಕಂತಾಯಿತು.

ಕುದುರೆಯ ನಡೆಯಷ್ಟು ದೂರದಲ್ಲಿ ಅವಳ ರಾಜನಿಗೂ ಒಂದು ಮನೆ ಖಾಲಿ ಇತ್ತು. ನೀಲಾ ಅದನ್ನೊಮ್ಮೆ ನೋಡಿದಳು. ಕಣ್ಣೊರೆಸಿಕೊಂಡು, ಸದ್ದಾಗದ ಹಾಗೆ ನಗುತ್ತ, ರಾಜನನ್ನು ಒಂದೇ ಒಂದು ಮನೆ ಪಕ್ಕಕ್ಕೆ ಸರಿಸಿದಳು.

ಅವನು ಆಗಲೇ ತನ್ನ ಅವ್ವನನ್ನು ನೋಡಿಕೊಂಡು ಬಂದಿದ್ದ.